ಕೊಳ್ಳುವಾಗ ದೂರ ಇದ್ದರೂ ಸರಿ, ರಿಪೇರಿಗೆ ಹತ್ತಿರ ಬೇಕು

ದೂರದ ಬೆಟ್ಟ ನುಣ್ಣಗೆ ಅನ್ನೋ ಗಾದೆ ನಮಗೆಲ್ಲ ಗೊತ್ತು. ಹಳೆ ಕಾರಿನ ಮಾತು ಬಂದರಂತೂ ದೊಡ್ಡವರು ಮೊದಲು ಹೇಳೋದೇ ಇದು. ಕಣ್ಣಾರೆ ನೋಡದೆ, ಒಂದು ರೌಂಡ್ ಓಡಿಸದೆ ಯಾರಾದ್ರೂ ಗಾಡಿ ತಗೋತಾರಾ? ನಮ್ಮ ಅಭಿಪ್ರಾಯ ಬೇರೆ. ಹಳೆಯ ಸ್ಪೋರ್ಟ್ಸ್ ಕಾರನ್ನು ದೂರದಿಂದಲೇ ಕೊಳ್ಳಬಹುದು, ಎಷ್ಟೋ ಸಲ ಅದೇ ಕ್ಷೇಮ. ದೂರದಿಂದ ಮಾಡಿಸಬಾರದ್ದು ಅದರ ರಿಪೇರಿ. ಜನ ಸಾಮಾನ್ಯವಾಗಿ ಇದರ ಉಲ್ಟಾ ಮಾಡ್ತಾರೆ. ಕಾರು ನೋಡೋಕೆ ಇಡೀ ದಿನ ಪ್ರಯಾಣ ಮಾಡಿ, ಕೊಂಡ ಮೇಲೆ ಅದನ್ನು ಯಾವುದೋ ಗ್ಯಾರೇಜಿಗೆ ಬಿಟ್ಟು, ಅಲ್ಲಿಂದ ಬರುವ ವಾಟ್ಸಾಪ್ ಫೋಟೋಗಳನ್ನು ಕಾಯ್ತಾ ಕೂರ್ತಾರೆ.

ಇದು ಬರೀ ರೀಲ್ಸ್ ನೋಡಿ ಹುಟ್ಟಿದ ಅಭಿಪ್ರಾಯ ಅಲ್ಲ. ನಮ್ಮ ಸೀನಿಯರ್ ಒಬ್ಬರು ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ಕೆಲಸದಲ್ಲಿದ್ದಾರೆ. ಮೂರು ವರ್ಷ ಕೂಡಿಟ್ಟ ಹಣದಲ್ಲಿ ಒಂದು ಎಂಜಿಬಿ ಕೊಳ್ಳಬೇಕು ಅಂತ ಹೊರಟರು. ಕಣ್ಣಿಗೆ ಬಿದ್ದ ಕಾರು ಇದ್ದದ್ದು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ, ಸುಮಾರು 700 ಕಿ.ಮೀ. ದೂರ. 1972ರ ಮಾಡೆಲ್, ಓಪನ್ ಟಾಪ್, ಕಡುಕೆಂಪು. "ಆ ಬಣ್ಣ ನೋಡಿದ್ರೆ ನನ್ನ ತಲೆ ಓಡಲ್ಲ ಕಣ್ರೋ, ನೀವು ನೋಡಿ ಹೇಳಿ" ಅಂತ ಹಾಸ್ಟೆಲ್‌ನಲ್ಲಿದ್ದ ನಮಗೆ ಫೋಟೋ ಕಳಿಸಿದರು. ನಮ್ಮ ವಾದ ಶುರುವಾದದ್ದು ಅಲ್ಲಿಂದ.

ಎಂಜಿಬಿ ನಮಗೆ ಪೂರ್ತಿ ಪರಕೀಯ ಕಾರೇನಲ್ಲ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾಯ್ತು. ಛಾವಣಿ ಇರುವ ಜಿಟಿ ಮಾಡೆಲ್ ಸೇರಿ 5 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅದರ 1798 ಸಿಸಿ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಟುಂಬದ್ದು. ನಮ್ಮ ಅಂಬಾಸಡರ್‌ಗೆ ದಶಕಗಟ್ಟಲೆ ಹಾಕಿದ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಅದೇ ಕುಟುಂಬದ್ದು. ಲ್ಯಾಬ್‌ನಲ್ಲಿ ಧೂಳು ಹಿಡಿದು ನಿಂತಿರುವ ಅಂಬಾಸಡರ್‌ನ ಕಟ್ ಸೆಕ್ಷನ್ ನೋಡಿದವರಿಗೆ ಎಂಜಿಬಿಯ ಬಾನೆಟ್ ಎತ್ತಿದರೆ ನೆಂಟರ ಮನೆಗೆ ಬಂದ ಹಾಗಿರುತ್ತೆ. ಅಂದಹಾಗೆ, ಬ್ರಿಟಿಷರ ಕಟ್ಟುನಿಟ್ಟಿನ ಲೆಕ್ಕದಲ್ಲಿ 'ವಿಂಟೇಜ್' ಅಂದರೆ 1930ರ ಒಳಗಿನದು ಮಾತ್ರ, ಎಂಜಿಬಿ ಬರೀ 'ಕ್ಲಾಸಿಕ್'. ನಮ್ಮಲ್ಲಿ ಹಳೇದೆಲ್ಲ ವಿಂಟೇಜೇ, ಇರಲಿ ಬಿಡಿ.

ಈ ಕಾರಿನಲ್ಲಿ ಎಂಜಿನ್ ದೊಡ್ಡ ತಲೆನೋವಲ್ಲ. ಕೆಟ್ಟರೆ ಬಿಚ್ಚಿ ಸರಿಮಾಡಬಹುದು, ಬಿಡಿಭಾಗ ಇವತ್ತಿಗೂ ಹೊಸದಾಗಿ ಸಿಗುತ್ತೆ. ತಲೆನೋವು ತುಕ್ಕು. ಎಂಜಿಬಿಗೆ ಅಂಬಾಸಡರ್ ಹಾಗೆಯೇ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರೋದು. ಅದರ ಮೇಲೆ ಛಾವಣಿಯೂ ಇಲ್ಲ ಅಂದರೆ ಏನಾಗುತ್ತೆ? ಶೂ ಡಬ್ಬದ ಮುಚ್ಚಳ ತೆಗೆದು ಎರಡು ತುದಿ ಹಿಡಿದು ಬಗ್ಗಿಸಿ ನೋಡಿ, ಗೊತ್ತಾಗುತ್ತೆ. ಹಾಗಾಗಿ ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ಪೆಟ್ಟಿಗೆಯಂಥ ಭಾಗ, ಅಂದರೆ ಸಿಲ್, ಬೀಮ್ ಥರ ಕೆಲಸ ಮಾಡಬೇಕು. ಹೊರಗಿನ ತಗಡು, ಒಳಗಿನ ತಗಡು, ನಡುವೆ ಇನ್ನೊಂದು ತಗಡು. ಬ್ರಿಟನ್ನಿನಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಹಾಕ್ತಾರೆ. ಆ ಉಪ್ಪುನೀರು ಈ ಪೆಟ್ಟಿಗೆಯೊಳಗೆ ಸೇರಿದರೆ ಕೊರೋಷನ್ ಶುರು. ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ಬಾಯಿಪಾಠ ಮಾಡಿ ಮರೆತದ್ದು ಅಲ್ಲಿ ಒಬ್ಬನ ಮೂರು ವರ್ಷದ ಉಳಿತಾಯ ತಿನ್ನುತ್ತೆ. ಹೊರಗಿಂದ ಮಾತ್ರ ಎಲ್ಲ ಫಳಫಳ.

ಅಬರ್ಡೀನ್‌ನಿಂದ ಬಂದ ಫೋಟೋ 42. ಸೂರ್ಯಾಸ್ತದಲ್ಲಿ ಕಾರು, ಸ್ಟೀರಿಂಗ್, ಕ್ರೋಮ್ ಬಂಪರ್. ಅಡಿಭಾಗದ್ದು ಒಂದೂ ಇಲ್ಲ! ಆಗ ನಾವು ಮಾಡಿದ್ದು ಇಷ್ಟೇ: "ಕಂಡೀಷನ್ ಹೇಗಿದೆ?" ಅಂತ ಕೇಳೋದು ಬಿಟ್ಟು ಅಳತೆ ಕೇಳಿದೆವು. ಬಾಗಿಲಿನ ಸುತ್ತ ಇರುವ ಸಂದು ಮೇಲೆ ಎಷ್ಟು ಮಿ.ಮೀ., ಕೆಳಗೆ ಎಷ್ಟು, ಸ್ಕೇಲ್ ಇಟ್ಟು ತೆಗೆದ ಫೋಟೋ. ಸಂದು ಮೇಲ್ಗಡೆ ಕಿರಿದಾಗಿದ್ದರೆ ಬಾಡಿ ನಡು ಬಗ್ಗಿದೆ ಅಂತ ಅನುಮಾನ. ಕಾರನ್ನು ಜಾಕ್ ಮೇಲೆ ಎತ್ತಿ ಬಾಗಿಲು ತೆಗೆದು ಹಾಕುವ ವೀಡಿಯೋ. ಎತ್ತಿದಾಗ ಬಾಗಿಲು ಸಿಕ್ಕಿಕೊಂಡರೆ ಸಿಲ್‌ನಲ್ಲಿ ಬಲ ಇಲ್ಲ. ಸಿಲ್ ಉದ್ದಕ್ಕೂ ಮ್ಯಾಗ್ನೆಟ್ ಸರಿಸುವ ವೀಡಿಯೋ, ದಪ್ಪ ಪುಟ್ಟಿ ಇರುವಲ್ಲಿ ಅದು ಹಿಡಿಯಲ್ಲ. ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ ಟೆಂಪರೇಚರ್ ಗೇಜ್ ತೋರಿಸಿ, ಆಮೇಲೆ ಸ್ಟಾರ್ಟ್. ಬಿಸಿ ಎಂಜಿನ್ ಯಾರು ಬೇಕಾದ್ರೂ ಸ್ಟಾರ್ಟ್ ಮಾಡ್ತಾರೆ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ರೀಡಿಂಗ್: ಅಂಕಿ ಎಷ್ಟು ಅನ್ನೋದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇದೆಯಾ ಅನ್ನೋದು ಮುಖ್ಯ.

ಇನ್ನು ಕಾಗದಪತ್ರ. ನಮ್ಮ ಎಫ್‌ಸಿ ಥರ ಅಲ್ಲಿ ಎಂಒಟಿ ಅನ್ನೋ ವಾರ್ಷಿಕ ಪರೀಕ್ಷೆ ಇದೆ. ನಂಬರ್ ಪ್ಲೇಟ್ ಹಾಕಿದರೆ 2005ರಿಂದೀಚಿನ ಫಲಿತಾಂಶ ಸರ್ಕಾರಿ ತಾಣದಲ್ಲಿ ಪುಕ್ಕಟೆ ಸಿಗುತ್ತೆ, ಫೇಲ್ ಆದ ಕಾರಣದ ಸಮೇತ. ಹಾಸ್ಟೆಲ್‌ನ ಮಂಚದ ಮೇಲೆ ಕೂತು ನಾವು ಓದಿದ್ದು ಇದನ್ನೇ: ಕೆಂಪು ಕಾರಿನ ಸಿಲ್ ತುಕ್ಕು ಹಿಡಿದಿದೆ ಅಂತ ಎರಡು ವರ್ಷ ಬರೆದಿತ್ತು, ಮೂರನೇ ವರ್ಷ ಏನೂ ಇಲ್ಲ. ವೆಲ್ಡ್ ಮಾಡಿ ಸರಿಪಡಿಸಿದರಾ, ಮೇಲೊಂದು ತಗಡು ಹೊದಿಸಿ ಪೇಂಟ್ ಹೊಡೆದರಾ? 2018ರಿಂದ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಆಗದ ಕಾರುಗಳಿಗೆ ಎಂಒಟಿ ಕಡ್ಡಾಯವಲ್ಲ. ಜಾಹೀರಾತಿನಲ್ಲಿ "ಎಂಒಟಿ ವಿನಾಯಿತಿ ಇದೆ" ಅಂತ ಹೆಮ್ಮೆಯಿಂದ ಬರೆದಿತ್ತು. ನಾವು ಅದನ್ನು ಓದಿಕೊಂಡದ್ದು 'ಇಷ್ಟು ವರ್ಷದಿಂದ ಯಾರೂ ಕೆಳಗೆ ಬಗ್ಗಿ ನೋಡಿಲ್ಲ' ಅಂತ. ಬೇಕಿದ್ದರೆ ಸ್ವಇಚ್ಛೆಯಿಂದ ಮಾಡಿಸಬಹುದು, ಗರಿಷ್ಠ ಶುಲ್ಕ 54.85 ಪೌಂಡ್. "ಆ ದುಡ್ಡು ನಾನೇ ಕೊಡ್ತೀನಿ, ಒಂದು ಸಲ ಮಾಡಿಸಿ" ಅಂದರು ಸೀನಿಯರ್. ಮಾರುವವರು ಆಮೇಲೆ ಉತ್ತರವನ್ನೇ ಕೊಡಲಿಲ್ಲ.

ಈಗ ಹೇಳಿ, ಅವರು ಸೀದಾ ಅಬರ್ಡೀನ್‌ಗೆ ಹೋಗಿದ್ದರೆ? ರೈಲಿಗೆ ದುಡ್ಡು, ಒಂದು ದಿನ ರಜೆ, ಕೊನೆಗೆ ಬಿಸಿಲಲ್ಲಿ ಹೊಳೀತಾ ನಿಂತ ಕೆಂಪು ಕಾರು. ಮಾರುವವರು ಚಹಾ ಕೊಡ್ತಾರೆ, ಟಾಪ್ ಮಡಚಿ ಒಂದು ರೌಂಡ್ ಕರ್ಕೊಂಡು ಹೋಗ್ತಾರೆ. ಅಷ್ಟು ದೂರ ಬಂದು, ಚಹಾ ಕುಡಿದು, ನೆಲಕ್ಕೆ ಮಲಗಿ ಸ್ಕ್ರೂಡ್ರೈವರ್‌ನಿಂದ ಸಿಲ್ ಚುಚ್ಚಿ ನೋಡುವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ? ಸಂಕೋಚ ನಮ್ಮ ರಕ್ತದಲ್ಲೇ ಇದೆ. ದೂರ ಇದ್ದರೆ ಆ ದಾಕ್ಷಿಣ್ಯ ಇರಲ್ಲ, ಅಳತೆ ಕೇಳಬಹುದು, ಬರದಿದ್ದರೆ ಬಿಟ್ಟುಬಿಡಬಹುದು. ಮಾರುವವರು ಕೊಡದ ಫೋಟೋ ಕೂಡ ಒಂದು ರೀಡಿಂಗೇ.

ಎರಡು ತಿಂಗಳ ನಂತರ ಇನ್ನೊಂದು ಎಂಜಿಬಿ ಸಿಕ್ಕಿತು. ಹಸಿರು ಬಣ್ಣ ಮಾಸಿತ್ತು, ಸೀಟು ಹರಿದಿತ್ತು, ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿತ್ತು. ಮಾರುವವರು ನಿವೃತ್ತ ಮೇಷ್ಟ್ರು. ಕೇಳಿದ್ದೆಲ್ಲ ಕಳಿಸಿದರು, ಕೇಳದ್ದನ್ನೂ ಕಳಿಸಿದರು. ಎಡಗಡೆ ಸಿಲ್ ಹೋಗಿದೆ, ನೋಡಿ ಅಂತ ತೂತಿನೊಳಗೆ ಬೆರಳಿಟ್ಟ ಫೋಟೋ! ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಹಳೆಯ ಕಾರ್ಖಾನೆ ದಾಖಲೆಯಿಂದ ಕೊಡುವ ಪ್ರಮಾಣಪತ್ರವೂ ಅವರ ಹತ್ತಿರ ಇತ್ತು. ತಯಾರಾದ ದಿನಾಂಕ, ಮೂಲ ಬಣ್ಣ, ಎಂಜಿನ್ ನಂಬರ್ ಎಲ್ಲ ಅದರಲ್ಲಿದ್ದವು. ತಾಳೆ ಆಯ್ತು. ಸೀನಿಯರ್ ಅದನ್ನೇ ಕೊಂಡರು, ಓಡಿಸಿ ನೋಡದೆ.

ಇಲ್ಲಿಂದ ನಮ್ಮ ವಾದ ತಿರುಗುತ್ತೆ. ಮೇಷ್ಟ್ರು ಒಳ್ಳೆ ಮನಸ್ಸಿನಿಂದ, "ನಮ್ಮೂರಲ್ಲೇ ವೆಲ್ಡರ್ ಇದ್ದಾನೆ, ಕಡಿಮೆಗೆ ಮಾಡಿಕೊಡ್ತಾನೆ, ಮುಗಿದ ಮೇಲೆ ಕಾರು ಕಳಿಸ್ತೀನಿ" ಅಂದರು. ನಾವು ಬೇಡ ಅಂದೆವು. ಆ ವೆಲ್ಡರ್ ಮೇಲೆ ಅನುಮಾನ ಇದ್ದು ಅಲ್ಲ. ಸಿಲ್ ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿ ಬಾಡಿಯ ಆಕಾರ ಹಿಡಿದಿಡಬೇಕು. ಅದಿಲ್ಲದೆ ಕತ್ತರಿಸಿದರೆ ಬಾಡಿ ಕೆಲವು ಮಿ.ಮೀ. ಕೂತುಬಿಡುತ್ತೆ. ಹೊಸ ಸಿಲ್ ಆ ತಪ್ಪು ಆಕಾರವನ್ನೇ ಶಾಶ್ವತ ಮಾಡುತ್ತೆ, ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಕೂರಲ್ಲ. ತಗಡು ತೆಗೆದಾಗ ಒಳಗೆ ಇನ್ನೆಷ್ಟು ಹೋಗಿದೆ ಅನ್ನೋದು ಆ ದಿನವೇ ಗೊತ್ತಾಗೋದು, ನಿರ್ಧಾರವನ್ನೂ ಆ ದಿನವೇ ಮಾಡಬೇಕು. ಕೊಳ್ಳುವ ಮುಂಚೆ ಇರುವ ತೂತಿಗೆ ಫೋಟೋ ಸಾಕ್ಷಿ ಹೇಳುತ್ತೆ. ಪೇಂಟ್ ಆದ ಮೇಲೆ ಒಳಗಿನ ವೆಲ್ಡ್ ಗಟ್ಟಿ ಇದೆಯಾ ಅನ್ನೋದಕ್ಕೆ ಯಾವ ಫೋಟೋನೂ ಸಾಕ್ಷಿ ಹೇಳಲ್ಲ.

ಅದಕ್ಕೇ ಕಾರು ಲಾರಿ ಮೇಲೆ ಬಂತು. ಅವರ ಮನೆಯಿಂದ 20 ನಿಮಿಷದ ಒಂದು ಗ್ಯಾರೇಜಿನಲ್ಲಿ ಪ್ರತಿ ಶನಿವಾರ ಅವರೂ ಕೈ ಕಪ್ಪು ಮಾಡಿಕೊಂಡರು. ಖರ್ಚು ಜಾಸ್ತಿ ಆಯ್ತು, ನಿಜ. ಮೂರನೇ ಶನಿವಾರ ನಡುವಿನ ತಗಡೂ ಹೋಗಿರೋದು ಕಂಡಿತು. ಪಕ್ಕದಲ್ಲೇ ನಿಂತಿದ್ದರಿಂದ ಅವತ್ತೇ ಅದನ್ನೂ ಬದಲಿಸೋಣ ಅಂದರು. ಬಲಗಡೆಯ ಕೆಲಸ ಇನ್ನೂ ನಡೀತಿದೆ.

ನಮ್ಮಲ್ಲಿ ಎಂಜಿಬಿ ಕೊಳ್ಳುವ ಶಕ್ತಿ ಯಾರಿಗೂ ಇಲ್ಲ, ಸ್ಟೈಪೆಂಡ್ ಬಂದರೆ ಮೆಸ್ ಬಿಲ್ಲಿಗೆ ಸರಿ. ಆದರೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನು ಬೇರೆ ರಾಜ್ಯದಿಂದ ತರಿಸುವ ಹುಚ್ಚು ನಮ್ಮ ಕ್ಯಾಂಪಸ್‌ನಲ್ಲೂ ಇದೆ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, 'ವಿಎ' ಅಕ್ಷರ ಇರುವ ನಂಬರ್ ಸಿಗುತ್ತೆ. ಆದರೆ ಮೂಲ ರೂಪ ಉಳಿದಿರಬೇಕು, ದಿನಾ ಕಾಲೇಜಿಗೆ ಓಡಿಸೋ ಹಾಗಿಲ್ಲ. ತರಿಸುವವರು ಮುಂಗಡ ಕಳಿಸುವ ಮುಂಚೆ ಆರ್‌ಟಿಓಗೆ ಕೊಡುವಂಥ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯೋ ವೀಡಿಯೋ ಕೇಳಿ, ಆರ್‌ಸಿ ಜೊತೆ ತಾಳೆ ನೋಡಿ, ಎನ್‌ಒಸಿ ಕೊಡಿಸ್ತಾರಾ ಅಂತ ಕೇಳಿ. ಗಾಡಿ ಕಡಲತೀರದ ಊರಿನದಾದರೆ ಪೆಟ್ರೋಲ್ ಟ್ಯಾಂಕಿನ ಒಳಗೆ ಟಾರ್ಚ್ ಹಾಕಿ ತೋರಿಸೋಕೆ ಹೇಳಿ. ಟಿಂಕರಿಂಗ್ ಮಾಡಿಸಿಯೇ ಕಳಿಸ್ತೀವಿ ಅಂದರೆ, ಹಾಗೇ ಕಳಿಸಿ ಅನ್ನಿ.