ವೈಮಾನಿಕನ ನಿದ್ರೆ

ಹಿಂದಿನ ಕಾಲದಲ್ಲಿ ರಾತ್ರಿಯ ಪ್ರಯಾಣಕ್ಕೆ ಗಾಡಿ ಕಟ್ಟುವುದಕ್ಕೆ ಮುಂಚೆ ಮನೆಯ ಹಿರಿಯರು ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತಿದ್ದರು. ಎತ್ತುಗಳಿಗೆ ಹುಲ್ಲು ನೀರು ಆಯಿತೆ ಎಂಬುದು ಒಂದು. ಗಾಡಿಯವನು ಉಂಡು ಒಂದು ಗಳಿಗೆ ಮಲಗಿ ಎದ್ದನೆ ಎಂಬುದು ಇನ್ನೊಂದು. ಇದು ಗಾಡಿಯವನ ಮೇಲಣ ಕರುಣೆ ಮಾತ್ರವೇ ಆಗಿರಲಿಲ್ಲ. ಒಳಗೆ ಮಡದಿ ಮಕ್ಕಳು ನಿಶ್ಚಿಂತೆಯಿಂದ ಮಲಗಬೇಕಾದರೆ ಮುಂದೆ ಕುಳಿತವನು ಎಚ್ಚರವಾಗಿರಬೇಕು. ಅವನು ಎಚ್ಚರವಾಗಿರಬೇಕಾದರೆ ಮೊದಲೇ ನಿದ್ರೆ ಮಾಡಿರಬೇಕು. ಈಗ ಗಾಡಿಯ ಸ್ಥಾನಕ್ಕೆ ವಿಮಾನವು ಬಂದಿದೆ. ನಾವು ಟಿಕೆಟ್ಟಿನ ಬೆಲೆಯನ್ನು ವಿಚಾರಿಸುತ್ತೇವೆ, ಹೊರಡುವ ವೇಳೆಯನ್ನು ವಿಚಾರಿಸುತ್ತೇವೆ, ಕಿಟಕಿಯ ಪಕ್ಕದ ಆಸನವು ದೊರೆಯುವುದೆ ಎಂದು ವಿಚಾರಿಸುತ್ತೇವೆ. ಹಿರಿಯರ ಎರಡನೆಯ ಪ್ರಶ್ನೆಯನ್ನು ಮಾತ್ರ ಮರೆತುಬಿಟ್ಟಿದ್ದೇವೆ.

ಇದನ್ನು ಪರೋಪದೇಶವೆಂದು ವಾಚಕರು ಎಣಿಸಬಾರದು. ಕೆಲವು ಕಾಲದ ಕೆಳಗೆ ನಾವೇ ಒಂದು ವಿಮಾನ ನಿಲ್ದಾಣದಲ್ಲಿ ನಡುರಾತ್ರಿಯವರೆಗೆ ಕಾದು ಕುಳಿತಿದ್ದೆವು. ಕೊನೆಗೆ, ಚಾಲಕರ ಕೆಲಸದ ಅವಧಿಯು ಮುಗಿದುಹೋಗಿರುವುದರಿಂದ ಬೇರೆ ಚಾಲಕರು ಬರುವ ತನಕ ವಿಮಾನವು ಹೊರಡಲಾರದೆಂದು ತಿಳಿಸಿದರು. ಗಡಿಯಾರ ನೋಡಿ ಲೇಖಣಿ ಕೆಳಗಿಡುವ ಗುಮಾಸ್ತರೇ ಇವರು ಎಂದು ಪಕ್ಕದವರೊಬ್ಬರು ಸಿಟ್ಟಾದರು. ನಾವು ಹೌದೆಂದು ತಲೆಯಾಡಿಸಿದೆವು. ಹಾಗೆ ತಲೆಯಾಡಿಸಿದ್ದಕ್ಕೆ ಈ ತಿಂಗಳ ಬರಹವು ಒಂದು ಪ್ರಾಯಶ್ಚಿತ್ತವೆಂದು ತಿಳಿಯಬಹುದು.

ಆ ಗಡಿಯಾರವನ್ನು ಅಲ್ಲಿ ತಂದಿಟ್ಟವರು ಯಾರು? ವೈಮಾನಿಕರೇ. ಅದೂ ಸುಲಭವಾಗಿ ಆದ ಕೆಲಸವಲ್ಲ. ನಮ್ಮ ದೇಶದಲ್ಲಿ ಟಾಟಾ ಅವರ ವಿಮಾನದ ಅಂಚೆಯು ಆರಂಭವಾದುದು ೧೯೩೨ನೆಯ ಇಸವಿ ಅಕ್ಟೋಬರ್ ೧೫ರಲ್ಲಿ, ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆ ಚೀಲಗಳನ್ನು ತಂದರು, ನೆವಿಲ್ ವಿನ್ಸೆಂಟ್ ಅವರು ಅಲ್ಲಿಂದ ನಮ್ಮ ಬಳ್ಳಾರಿಯ ಮೇಲಾಗಿ ಮದರಾಸಿಗೆ ಒಯ್ದರು. ಅದಕ್ಕೆ ಒಂದು ವರ್ಷ ಮುಂಚೆ, ೧೯೩೧ರಲ್ಲಿ, ಅಮೆರಿಕದ ಚಿಕಾಗೋ ನಗರದಲ್ಲಿ ಡೇವಿಡ್ ಬೆಂಕೆ ಎಂಬ ವೈಮಾನಿಕರ ಮುಂದಾಳುತನದಲ್ಲಿ ವಿಮಾನಚಾಲಕರ ಸಂಘವೊಂದು ಹುಟ್ಟಿತು. ಮಳೆಯಿರಲಿ, ಮಂಜಿರಲಿ, ಹೇಳಿದ ವೇಳೆಗೆ ಹಾರಲೇಬೇಕೆಂದು ಒಡೆಯರು ಒತ್ತಾಯಿಸುತ್ತಿದ್ದ ಕಾಲವದು. ಹಾರಲೊಲ್ಲೆನೆಂದವನು ಕೆಲಸವನ್ನು ಕಳೆದುಕೊಳ್ಳುವ ಭಯವಿತ್ತು. ಹಾರಿದವನಿಗೆ ಪ್ರಾಣದ ಭಯವಿತ್ತು. ಆದುದರಿಂದಲೇ ಅವರು ಮೊದಮೊದಲು ಗುಟ್ಟಾಗಿ ಕೂಡಬೇಕಾಯಿತು. ವೇಳೆಯನ್ನು ಪಾಲಿಸೋಣ, ಆದರೆ ಕ್ಷೇಮದೊಡನೆ ಪಾಲಿಸೋಣ ಎಂಬ ಅರ್ಥದ ಮಾತೊಂದನ್ನು ಆ ಸಂಘದವರು ತಮ್ಮ ಧ್ಯೇಯವಾಕ್ಯವಾಗಿ ಇಟ್ಟುಕೊಂಡರು.

೧೯೩೪ರಲ್ಲಿ ಆ ದೇಶದ ಕಾರ್ಮಿಕ ಮಂಡಲಿಯು ಇವರ ವ್ಯಾಜ್ಯದಲ್ಲಿ ತೀರ್ಪು ಕೊಟ್ಟು, ವೈಮಾನಿಕನು ತಿಂಗಳಿಗೆ ೮೫ ಗಂಟೆಗಳಿಗಿಂತ ಹೆಚ್ಚು ಹಾರಕೂಡದೆಂದು ಗೊತ್ತುಮಾಡಿತು. ಸಂಬಳದ ಲೆಕ್ಕವೂ ಅದೇ ತೀರ್ಪಿನಲ್ಲಿಯೇ ಇದ್ದಿತು. ಇದನ್ನು ಗಮನಿಸತಕ್ಕದ್ದು. ಕೂಲಿಯ ಮಾತು ಬೇರೆ, ಕ್ಷೇಮದ ಮಾತು ಬೇರೆ ಎಂದು ನಾವು ದೂರದಲ್ಲಿ ಕುಳಿತು ವಿಂಗಡಿಸುತ್ತೇವೆ. ಕೆಲಸ ಮಾಡುವವನ ಬಾಳಿನಲ್ಲಿ ಅವೆರಡೂ ಹೆಣೆದುಕೊಂಡಿರುತ್ತವೆ. ೧೯೪೮ರಲ್ಲಿ ಬೇರೆ ಬೇರೆ ದೇಶಗಳ ಇಂಥ ಸಂಘಗಳು ಲಂಡನ್ನಿನಲ್ಲಿ ಸೇರಿ ಒಂದು ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿಕೊಂಡವು.

ಆಯಾಸವೆಂಬುದು ಎಲ್ಲ ಕೆಲಸದಲ್ಲಿಯೂ ಇರತಕ್ಕದ್ದೇ, ಇದರಲ್ಲಿ ವಿಶೇಷವೇನು ಎಂದು ಕೆಲವರು ಕೇಳಬಹುದು. ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ೧೯೯೭ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯ ಫಲವನ್ನು ಅವರಿಗೆ ನಿವೇದಿಸುತ್ತೇವೆ. ಹದಿನೇಳು ಗಂಟೆಗಳ ಕಾಲ ಒಂದೇ ಸಮನೆ ಎಚ್ಚರವಾಗಿದ್ದವನ ಕೈಯೂ ಮನಸ್ಸೂ ಎಷ್ಟು ಮಂದವಾಗುತ್ತವೆಂದರೆ, ರಕ್ತದ ನೂರು ಮಿಲಿಲೀಟರಿನಲ್ಲಿ ೫೦ ಮಿಲಿಗ್ರಾಂ ಮದ್ಯಸಾರವಿದ್ದವನ ಸ್ಥಿತಿಗೆ ಅದು ಸಮಾನ. ನಮ್ಮ ದೇಶದಲ್ಲಿ ಮೋಟಾರು ನಡೆಸುವವನಿಗೆ ಕಾನೂನು ವಿಧಿಸಿರುವ ಮಿತಿ ೩೦ ಮಿಲಿಗ್ರಾಂ. ಎಂದರೆ ತೊಟ್ಟು ಮದ್ಯವನ್ನೂ ಮುಟ್ಟದ ಸಜ್ಜನನು ನಿದ್ರೆಗೆಟ್ಟ ಮಾತ್ರದಿಂದಲೇ ಕುಡುಕನಿಗೆ ಸಮನಾಗಬಹುದು. ವೈಮಾನಿಕನು ಕುಡಿದಿರುವನೋ ಇಲ್ಲವೋ ಎಂದು ಉಸಿರನ್ನು ಪರೀಕ್ಷಿಸುವ ಯಂತ್ರವುಂಟು. ನಿದ್ರೆಗೆಟ್ಟಿರುವನೋ ಇಲ್ಲವೋ ಎಂದು ಹಾಗೆ ಬಾಗಿಲಲ್ಲಿಯೇ ಅಳೆದು ಹೇಳುವ ಯಂತ್ರವಿಲ್ಲ. ಅದನ್ನು ಹೇಳಬಲ್ಲದ್ದು ಆತನ ಬಾಯಿಯೊಂದೇ. ಆ ಬಾಯಿಯನ್ನು ಭಯದಿಂದ ಮುಚ್ಚಿಸಿದರೆ ನಮ್ಮ ಕ್ಷೇಮದ ಒಂದು ಬಾಗಿಲನ್ನೇ ಮುಚ್ಚಿಸಿದಂತೆ.

ಈ ವಿಚಾರವು ನಮ್ಮ ನಾಡಿಗೆ ದೂರದ್ದಲ್ಲ. ೨೦೧೦ನೆಯ ಇಸವಿ ಮೇ ೨೨ನೆಯ ದಿನವನ್ನು ಮಂಗಳೂರಿನವರು ಮರೆತಿಲ್ಲ. ಹಿಂದಿನ ರಾತ್ರಿ ಮಂಗಳೂರಿನಿಂದ ದುಬಾಯಿಗೆ ಹೋದ ಸಿಬ್ಬಂದಿಯವರೇ ಅದೇ ರಾತ್ರಿ ವಿಮಾನವನ್ನು ಹಿಂದಕ್ಕೆ ತಂದರು. ಬೆಳಗಿನ ಆರು ಗಂಟೆಯ ಸುಮಾರಿಗೆ ಬಜ್ಪೆಯ ಗುಡ್ಡದ ನೆತ್ತಿಯ ಮೇಲೆ, ಎಂಟು ಸಾವಿರ ಅಡಿಗೆ ತುಸು ಮಿಕ್ಕಿದ್ದ ಓಡುದಾರಿಯಲ್ಲಿ ೫,೨೦೦ ಅಡಿಯಷ್ಟು ಮುಂದೆ ಹೋಗಿ ಅದು ನೆಲವನ್ನು ಮುಟ್ಟಿತು; ನಿಲ್ಲಲು ಸ್ಥಳ ಸಾಲದೆ ಕೊನೆಯನ್ನು ದಾಟಿ ಕಣಿವೆಗೆ ಉರುಳಿ ಉರಿದುಹೋಯಿತು. ಒಳಗಿದ್ದ ೧೬೬ ಜನರಲ್ಲಿ ೧೫೮ ಜನ ತೀರಿಕೊಂಡರು. ಗಲ್ಫ್ ನಾಡಿನಲ್ಲಿ ದುಡಿದು ಮನೆಗೆ ಬರುತ್ತಿದ್ದವರನ್ನು ಎದುರುಗೊಳ್ಳುವುದಕ್ಕೆಂದು ಮನೆಯವರು ಎದ್ದು ಹೊರಡುವ ಹೊತ್ತು ಅದು.

ವಿಚಾರಣೆಯ ವರದಿಯು ಹೇಳುವುದೇನೆಂದರೆ: ವಿಮಾನವು ಸರಿಯಾದ ಎತ್ತರದಲ್ಲಿ ಇಳಿಯುತ್ತಿರಲಿಲ್ಲ, ಸಹಚಾಲಕರು ಮೂರು ಬಾರಿ, ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣವೆಂದರು, ಮುಖ್ಯ ಚಾಲಕರು ಅದನ್ನು ನಡಸಲಿಲ್ಲ. ಮುಖ್ಯ ಚಾಲಕರು ದಾರಿಯಲ್ಲಿ ಸುಮಾರು ಒಂದು ಗಂಟೆ ನಲವತ್ತು ನಿಮಿಷ ನಿದ್ರೆಹೋಗಿದ್ದರೆಂದು ಧ್ವನಿಮುದ್ರಣದಿಂದ ತಿಳಿದುಬಂತು. ಗಾಢವಾಗಿ ಮಲಗಿ ಎದ್ದವನ ಬುದ್ಧಿಗೆ ಸ್ವಲ್ಪ ಹೊತ್ತು ಮಂಕು ಕವಿದಿರುತ್ತದೆಂಬುದನ್ನು ನಾವೆಲ್ಲರೂ ಅನುಭವದಿಂದ ಬಲ್ಲೆವು. ಆ ಮಂಕು ಅಲ್ಲಿ ತೀರ್ಮಾನವನ್ನು ಕೆಡಿಸಿರಬಹುದೆಂದು ವರದಿಯವರು ಬರೆದರು. ಇನ್ನೊಂದು ಮಾತನ್ನೂ ಬರೆದರು: ಹೊರಡುವುದಕ್ಕೆ ಮುಂಚೆ ಮುಖ್ಯ ಚಾಲಕರಿಗೆ ಸಾಕಷ್ಟು ವಿಶ್ರಾಂತಿಯ ಅವಕಾಶವಿದ್ದಿತು.

ಇಲ್ಲಿ ವಾಚಕರು ಸ್ವಲ್ಪ ನಿಲ್ಲಬೇಕು. ವಿಶ್ರಾಂತಿಯ ಗಂಟೆಗಳು ಸರಿಯಾಗಿಯೇ ಇದ್ದುವು. ಆದರೆ ಮನುಷ್ಯನ ಶರೀರವು ಲೆಕ್ಕದ ಪುಸ್ತಕವಲ್ಲ. ಅದಕ್ಕೆ ಹಗಲು ರಾತ್ರಿಗಳ ತನ್ನದೇ ಆದ ಗಡಿಯಾರವೊಂದುಂಟು. ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಆ ಗಡಿಯಾರವು ತೀರ ಇಳಿದಿರುತ್ತದೆ. ಮಗುವಿನ ಕಾಯಿಲೆಯಲ್ಲಿ ರಾತ್ರಿಯೆಲ್ಲ ಎದ್ದು ಕುಳಿತ ತಾಯಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಗಲು ಎಷ್ಟು ಮಲಗಿದ್ದರೂ ಆ ಜಾವದ ಜಡತೆಯು ಪೂರಾ ನೀಗುವುದಿಲ್ಲ. ಆದುದರಿಂದಲೇ ವೈಮಾನಿಕರು ಬರಿಯ ಗಂಟೆಗಳ ಮಿತಿಯನ್ನಲ್ಲದೆ ರಾತ್ರಿಯ ಕೆಲಸದ ಮಿತಿಯನ್ನೂ ಕೇಳುತ್ತ ಬಂದಿದ್ದಾರೆ.

ಅಮೆರಿಕದಲ್ಲಿಯೂ ಒಂದು ದೊಡ್ಡ ದುರಂತವಾದ ಮೇಲೆಯೇ ಸರಕಾರದ ಕಣ್ಣು ತೆರೆಯಿತು. ೨೦೦೯ರ ಫೆಬ್ರವರಿ ೧೨ರ ರಾತ್ರಿ ಬಫಲೋ ನಗರದ ಹತ್ತಿರ ವಿಮಾನವೊಂದು ಒಂದು ಮನೆಯ ಮೇಲೆ ಬಿದ್ದು ೫೦ ಜನರು ಸತ್ತರು. ಮುಖ್ಯ ಚಾಲಕರ ಕೈತಪ್ಪೇ ಅದರ ಕಾರಣವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಆದರೆ ಸಹಚಾಲಕಿಯು ಸಿಯಾಟಲ್ ನಗರದಿಂದ ರಾತ್ರಿಯೆಲ್ಲ ಬೇರೆ ವಿಮಾನಗಳಲ್ಲಿ ಪ್ರಯಾಣಮಾಡಿ ಕೆಲಸಕ್ಕೆ ಬಂದಿದ್ದರು. ಮುಖ್ಯ ಚಾಲಕರು ಹಿಂದಿನ ರಾತ್ರಿಯನ್ನು ಸಿಬ್ಬಂದಿಯ ಕೊಠಡಿಯಲ್ಲಿ ಕಳೆದಿದ್ದರು. ಅಲ್ಪ ಸಂಬಳದವರು ಕೆಲಸದ ಊರಿನಲ್ಲಿ ಮನೆ ಮಾಡಲಾರದೆ ಹೀಗೆ ಅಲೆಯುವ ವಿಚಾರವು ಆಗ ಬೆಳಕಿಗೆ ಬಂತು. ಸತ್ತವರ ಮನೆಯವರೂ ವೈಮಾನಿಕರ ಸಂಘದವರೂ ವರ್ಷಗಟ್ಟಲೆ ಹೋರಾಡಿದ ಫಲವಾಗಿ ೨೦೧೪ರ ಜನವರಿಯಲ್ಲಿ ಹೊಸ ನಿಯಮಗಳು ಜಾರಿಗೆ ಬಂದುವು. ಕೆಲಸಕ್ಕೆ ಮುಂಚೆ ಹತ್ತು ಗಂಟೆಗಳ ವಿಶ್ರಾಂತಿ, ಅದರಲ್ಲಿ ಎಂಟು ಗಂಟೆಗಳ ನಿದ್ರೆಗೆ ಅವಕಾಶ. ಆಯಾಸವಾಗಿದೆಯೆಂದು ಚಾಲಕನು ಹೇಳಿದರೆ ಆತನನ್ನು ಹಾರಿಸಕೂಡದು. ಆದರೆ ಸರಕು ಸಾಗಿಸುವ ವಿಮಾನಗಳನ್ನು ಈ ನಿಯಮದಿಂದ ಹೊರಗಿಟ್ಟರು. ಪೆಟ್ಟಿಗೆಗಳಿಗೆ ನಿದ್ರೆ ಬೇಡವಾದರೂ ಅವುಗಳ ಚಾಲಕನಿಗೆ ಬೇಕಲ್ಲವೆ ಎಂಬುದು ವೈಮಾನಿಕರ ಆಕ್ಷೇಪ.

ನಮ್ಮ ಸರಕಾರವು ೨೦೨೪ರ ಜನವರಿಯಲ್ಲಿ ಇಂಥದೇ ನಿಯಮಗಳನ್ನು ಪ್ರಕಟಿಸಿತು. ವಾರದ ವಿಶ್ರಾಂತಿಯು ೩೬ ಗಂಟೆಗಳಿಂದ ೪೮ ಗಂಟೆಗಳಿಗೆ ಏರಿತು. ರಾತ್ರಿಯಲ್ಲಿ ವಿಮಾನವನ್ನು ಇಳಿಸುವ ಮಿತಿಯು ಆರರಿಂದ ಎರಡಕ್ಕೆ ಇಳಿಯಿತು. ಕಂಪೆನಿಗಳ ಅಸಮಾಧಾನದಿಂದ ಅವು ಮುಂದಕ್ಕೆ ಹೋದುವು. ವೈಮಾನಿಕರ ಸಂಘಗಳು ದೆಹಲಿಯ ಉಚ್ಚ ನ್ಯಾಯಾಲಯದ ಮುಂದೆ ನಿಂತವು. ಕಡೆಗೆ ೨೦೨೫ರ ಜುಲೈ ಒಂದರಿಂದ ಒಂದು ಭಾಗವೂ ನವೆಂಬರ್ ಒಂದರಿಂದ ಉಳಿದ ಭಾಗವೂ ಜಾರಿಗೆ ಬಂದುವು. ಆ ಡಿಸೆಂಬರಿನ ಮೊದಲಲ್ಲಿ ಏನಾಯಿತೆಂಬುದು ಹಲವರ ಅನುಭವದಲ್ಲಿದೆ. ದೇಶದ ಅತಿ ದೊಡ್ಡ ವಿಮಾನ ಕಂಪೆನಿಯು ಸಾಕಷ್ಟು ಚಾಲಕರನ್ನು ಒದಗಿಸಿಕೊಳ್ಳಲಾರದೆ ಸಾವಿರಾರು ಪ್ರಯಾಣಗಳನ್ನು ರದ್ದುಮಾಡಿತು. ಬೆಂಗಳೂರಿನ ನಿಲ್ದಾಣದಲ್ಲಿಯೂ ಜನರು ಪೆಟ್ಟಿಗೆಗಳ ಮೇಲೆಯೇ ರಾತ್ರಿ ಕಳೆದರು. ಆಗ ಸರಕಾರವು ರಾತ್ರಿಯ ಕೆಲವು ನಿಯಮಗಳಿಂದ ಆ ಕಂಪೆನಿಗೆ ೨೦೨೬ರ ಫೆಬ್ರವರಿ ೧೦ರವರೆಗೆ ವಿನಾಯಿತಿ ಕೊಟ್ಟಿತು. ನಿಯಮವು ಬರುವುದೆಂದು ಸುಮಾರು ಎರಡು ವರ್ಷ ಮುಂಚೆಯೇ ತಿಳಿದಿತ್ತಷ್ಟೆ. ಸಿದ್ಧವಾಗದವರು ಒಬ್ಬರು, ನಿದ್ರೆ ಬಿಡಬೇಕಾದವರು ಇನ್ನೊಬ್ಬರು ಎಂದಾಯಿತು.

ವೈಮಾನಿಕರಿಗೆ ಸಂಬಳ ಹೆಚ್ಚು, ಅವರ ದೂರನ್ನು ನಾವೇಕೆ ಹೊರಬೇಕು ಎಂದು ಕೇಳುವವರುಂಟು. ಅವರ ಪ್ರತಿಯೊಂದು ಬೇಡಿಕೆಯೂ ಧರ್ಮವೆಂದು ನಾವು ಹೇಳುವುದಿಲ್ಲ. ಕ್ಷೇಮದ ಹೆಸರಿನಲ್ಲಿ ಬೇರೆ ಮಾತೂ ಒಮ್ಮೊಮ್ಮೆ ಸೇರಿಕೊಳ್ಳಬಹುದು. ಅದನ್ನು ಅಕ್ಕಿಯಂತೆ ಆರಿಸಿ ನೋಡಬೇಕು. ಆದರೆ ನಿದ್ರೆಯ ಬೇಡಿಕೆಯು ಅಂಥದಲ್ಲ. ವಿಮಾನದಲ್ಲಿ ಎಲ್ಲರಿಗಿಂತ ಮುಂದೆ ಕುಳಿತವನು ಆತನೇ. ನಮಗೆ ಒದಗುವ ಕೇಡು ಆತನನ್ನು ಮುಟ್ಟಿದ ಮೇಲೆಯೇ ನಮ್ಮನ್ನು ಮುಟ್ಟುತ್ತದೆ. ಆತನು ಕೇಳುವ ವಿಶ್ರಾಂತಿಯಲ್ಲಿ ನಮ್ಮ ಮಕ್ಕಳ ಪಾಲೂ ಸೇರಿದೆ.

ಗೃಹಸ್ಥರಿಂದ ಆಗತಕ್ಕದ್ದು ಹೆಚ್ಚೇನೂ ಇಲ್ಲ. ಚಾಲಕನ ಅವಧಿ ಮುಗಿದುದರಿಂದ ವಿಮಾನವು ನಿಂತರೆ ಚಾಲಕನ ಮೇಲೆ ಹರಿಹಾಯಬಾರದು. ಬದಲಿ ಚಾಲಕರನ್ನು ಏಕೆ ಇಟ್ಟಿರಲಿಲ್ಲವೆಂದು ಕಂಪೆನಿಯವರನ್ನು ಕೇಳಬೇಕು. ನಿಯಮವನ್ನು ಸಡಿಲಿಸಿ ನಮ್ಮನ್ನು ಬೇಗ ಊರು ಸೇರಿಸುತ್ತೇವೆಂದು ಯಾರಾದರೂ ಹೇಳಿದರೆ ಸಂತೋಷಪಡುವ ಮುನ್ನ ಒಂದು ಕ್ಷಣ ಆಲೋಚಿಸಬೇಕು. ಮುಂದಿನ ಸಲ ಮನೆಯಿಂದ ಯಾರಾದರೂ ರಾತ್ರಿಯ ವಿಮಾನಕ್ಕೆ ಹೊರಟಾಗ, ಬುತ್ತಿ ಕಟ್ಟಿ, ಕುಂಕುಮವಿಟ್ಟು, ಹೋಗಿ ಬಾ ಎನ್ನುವ ಮುನ್ನ, ಹಿರಿಯರ ಆ ಎರಡನೆಯ ಪ್ರಶ್ನೆಯನ್ನೂ ನೆನೆಯಿರಿ: ಗಾಡಿಯವನು ಮಲಗಿ ಎದ್ದನೆ?