ಬಾಡಿಗೆಯ ಮೋಟಾರು, ಕಾರ್ಡಿನ ಅಭಯ

ಪರರ ವಸ್ತುವನ್ನು ಕೆಲವು ಕಾಲದ ಉಪಯೋಗಕ್ಕಾಗಿ ಪಡೆದವನು ಅದನ್ನು ಪಡೆದಂತೆಯೇ ಹಿಂದಕ್ಕೆ ಒಪ್ಪಿಸತಕ್ಕದ್ದು ಎಂಬುದು ನಮ್ಮ ಪೂರ್ವಿಕರು ವಿಧಿಸಿದ ವ್ಯವಹಾರಧರ್ಮ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣದಲ್ಲಿ, ಈ ವಿಷಯದ ವಿಚಾರವಿದೆ. ಎರವಲಾಗಿ ತಂದುದಾಗಲಿ, ಬಾಡಿಗೆಗೆ ತಂದುದಾಗಲಿ, ತಂದ ಸ್ಥಿತಿಯಲ್ಲಿಯೇ ಮರಳಬೇಕು. ಆದರೆ ತಂದವನ ಕೈಮೀರಿದ ವಿಪತ್ತಿನಿಂದ ಅದು ಹಾಳಾದರೆ ಆ ನಷ್ಟವು ಅವನ ತಲೆಯ ಮೇಲೆ ಬರಲಾಗದು ಎಂದು ಅಲ್ಲಿಯ ನಿರ್ಣಯ. ಈ ಗ್ರಂಥದ ಓಲೆಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟವರು ಆರ್. ಶಾಮಶಾಸ್ತ್ರಿಗಳು ಎಂಬುದನ್ನು ನಮ್ಮ ವಾಚಕರು ಬಲ್ಲರು.

ಈಗಿನ ಕಾಲದ ಬಾಡಿಗೆಯ ಕರಾರುಪತ್ರಗಳಲ್ಲಿ ಆ ನಿರ್ಣಯದ ಪೂರ್ವಾರ್ಧವು ಉಳಿದಿದೆ. ಉತ್ತರಾರ್ಧವು ಬಹುಮಟ್ಟಿಗೆ ಲೋಪವಾಗಿದೆ. ಅಮೆರಿಕ, ಯೂರೋಪು ಮೊದಲಾದ ಕಡೆಗಳಲ್ಲಿ ಮೋಟಾರುಗಾಡಿಯನ್ನು ಬಾಡಿಗೆಗೆ ಹಿಡಿದವನು, ತಪ್ಪು ಯಾರದೇ ಆಗಿರಲಿ, ಆಲಿಕಲ್ಲು ಬಿದ್ದು ಗಾಜು ಒಡೆದಿರಲಿ, ನಿಲ್ಲಿಸಿದಲ್ಲಿ ಮತ್ತೊಬ್ಬನು ಬಂದು ಗುದ್ದಿ ಓಡಿಹೋಗಿರಲಿ, ಆ ಗಾಡಿಯ ಜಖಮಿಗೆ ತಾನು ಹೊಣೆಯೆಂದು ಸಾಮಾನ್ಯವಾಗಿ ರುಜು ಹಾಕಬೇಕಾಗುತ್ತದೆ. ಈ ಹೊಣೆಯನ್ನು ಇಳಿಸಿಕೊಳ್ಳುವ ಉಪಾಯವೇ ಈ ತಿಂಗಳ ನಮ್ಮ ವಿಷಯ.

ಇದು ನಮಗೇಕೆ ಎಂದು ಕೆಲವರು ಕೇಳಬಹುದು. ಮಗನೋ ಮಗಳೋ ಅಮೆರಿಕದಲ್ಲಿಯೋ ಕೆನಡಾದಲ್ಲಿಯೋ ನೆಲಸಿರುವ ಕುಟುಂಬಗಳು ಇಂದು ನಮ್ಮ ನಾಡಿನ ಸಣ್ಣ ಊರುಗಳಲ್ಲಿಯೂ ಇವೆ. ತಂದೆತಾಯಿಗಳು ಅಲ್ಲಿಗೆ ಹೋಗುವರು. ಮಕ್ಕಳು ಅವರನ್ನು ಊರೂರು ತಿರುಗಿಸಿ ತೋರಿಸುವರು. ರಜವು ಒದಗಿದರೆ ಎಲ್ಲರೂ ಕೂಡಿ ಇಟಲಿಗೋ ಐರ್ಲೆಂಡಿಗೋ ಹೋಗಿ, ಅಲ್ಲಿ ಒಂದು ಗಾಡಿಯನ್ನು ಬಾಡಿಗೆಗೆ ಹಿಡಿಯುವರು. ಕೌಂಟರಿನ ಗುಮಾಸ್ತೆಯು “ರಕ್ಷಣೆ ಬೇಕೇ?” ಎಂದು ಕೇಳಿದಾಗ ಮಗನು ತಟ್ಟನೆ “ಬೇಡ” ಎನ್ನುವನು. ತಂದೆಯು “ಯಾಕಪ್ಪಾ, ಇರಲಿ ಬಿಡು” ಎಂದರೆ, “ನನ್ನ ಕ್ರೆಡಿಟ್ ಕಾರ್ಡಿನಲ್ಲಿಯೇ ಇದೆ ಅಪ್ಪಾ, ಸುಮ್ಮನೆ ದುಡ್ಡು ದಂಡ” ಎಂದು ಉತ್ತರ ಬರುವುದು. ಆ ಉತ್ತರವು ಸರಿಯಾಗಿರಬಹುದು, ಸರಿಯಾಗಿಲ್ಲದಿರಲೂಬಹುದು. ಅದನ್ನು ತಿಳಿಯುವುದು ಕಾರ್ಡಿನ ಕರಾರನ್ನು ಓದಿದವನಿಗೆ ಮಾತ್ರ ಸಾಧ್ಯ.

ಮೊದಲು ಗುಮಾಸ್ತೆಯು ಮಾರುವ ವಸ್ತುವು ಯಾವುದು ಎಂಬುದನ್ನು ನೋಡೋಣ. ಅದಕ್ಕೆ ‘ಕೊಲಿಷನ್ ಡ್ಯಾಮೇಜ್ ವೇವರ್’ ಎಂದು ಹೆಸರು. ಜನರು ಇದನ್ನು ವಿಮೆಯೆಂದೇ ಕರೆಯುತ್ತಾರೆ. ವಸ್ತುತಃ ಇದು ವಿಮೆಯಲ್ಲ. ದಿನವೊಂದಕ್ಕೆ ಇಷ್ಟು ಎಂದು ಹಣ ಕೊಟ್ಟರೆ, ಗಾಡಿಗೆ ಜಖಂ ಆದಾಗ ನಿಮ್ಮಿಂದ ವಸೂಲು ಮಾಡುವ ಹಕ್ಕನ್ನು ನಾವು ಬಿಟ್ಟುಕೊಡುತ್ತೇವೆ ಎಂದು ಕಂಪೆನಿಯವರು ಕೊಡುವ ಮಾತು ಅದು. ಯೂರೋಪಿನಲ್ಲಿ ಅನೇಕ ವೇಳೆ ಇದು ಬಾಡಿಗೆಯಲ್ಲಿಯೇ ಸೇರಿರುತ್ತದೆ. ಆದರೆ ಮೊದಲ ಇಷ್ಟು ಯೂರೋ ನಷ್ಟವನ್ನು ಬಾಡಿಗೆದಾರನೇ ಹೊರತಕ್ಕದ್ದು ಎಂಬ ಷರತ್ತು ಅದರೊಡನೆ ಅಂಟಿಕೊಂಡಿರುತ್ತದೆ. ಆ ಮೊಬಲಗಿಗೆ ‘ಎಕ್ಸೆಸ್’ ಎಂದು ಹೆಸರು. ಅದು ಸಾವಿರಾರು ಯೂರೋಗಳಾಗಿರುವುದೂ ಉಂಟು.

ಈ ವೇವರಿಗೆ ದಿನಕ್ಕೆ 25 ಡಾಲರು ಎಂದು ಇಟ್ಟುಕೊಂಡರೆ, 12 ದಿನಗಳ ಪ್ರವಾಸಕ್ಕೆ 300 ಡಾಲರಾಯಿತು. ಕಾರ್ಡಿನಲ್ಲಿ ಈ ರಕ್ಷಣೆಯು ನಿಜವಾಗಿ ಇದ್ದರೆ ಈ 300 ಡಾಲರು ಉಳಿತಾಯವೇ ಸರಿ. ಇಲ್ಲದಿದ್ದರೆ, 300 ಉಳಿಸಲು ಹೋಗಿ 30,000 ಡಾಲರಿನ ಗಾಡಿಗೆ ಹೊಣೆ ನಿಂತಂತೆ ಆಯಿತು.

ಇನ್ನು ಕಾರ್ಡಿನವರು ಕೊಡುವ ಅಭಯದ ಸ್ವರೂಪವೇನು? ಅಮೆರಿಕ, ಕೆನಡಾ ದೇಶಗಳ ಅನೇಕ ಕ್ರೆಡಿಟ್ ಕಾರ್ಡುಗಳೊಡನೆ ಬಾಡಿಗೆ ಗಾಡಿಯ ಜಖಮಿಗೂ ಕಳವಿಗೂ ರಕ್ಷಣೆ ಸೇರಿರುತ್ತದೆ. ಆದರೆ ಅದು ಕೆಲವು ಉಪಾಧಿಗಳಿಗೆ ಒಳಪಟ್ಟಿದೆ. ಮೊದಲನೆಯದು, ಬಾಡಿಗೆಯ ಹಣವನ್ನು ಪೂರ್ತಿಯಾಗಿ ಆ ಕಾರ್ಡಿನಿಂದಲೇ ಕೊಟ್ಟಿರಬೇಕು. ಎರಡನೆಯದು, ಕಾರ್ಡು ಯಾರ ಹೆಸರಿನಲ್ಲಿದೆಯೋ ಅವನೇ ಮುಖ್ಯ ಬಾಡಿಗೆದಾರನಾಗಿ ಕರಾರಿಗೆ ರುಜು ಹಾಕಿರಬೇಕು. ಮೂರನೆಯದು, ಕಂಪೆನಿಯವರು ಮಾರುವ ವೇವರನ್ನು ಬೇಡವೆಂದು ಬಿಟ್ಟಿರಬೇಕು. ನಾಲ್ಕನೆಯದು, ಬಾಡಿಗೆಯ ಅವಧಿಯು ಮಿತಿಯನ್ನು ಮೀರಿರಬಾರದು. ಈ ಮಿತಿಯು ಸಾಮಾನ್ಯವಾಗಿ 30 ಅಥವಾ 31 ದಿನಗಳು, ಕೆಲವು ಕಾರ್ಡುಗಳಲ್ಲಿ ಸ್ವದೇಶದೊಳಗೆ 15 ದಿನಗಳೇ. ಮಿತಿಯನ್ನು ಮೀರಿದರೆ ಮೀರಿದ ದಿನಗಳಿಗೆ ಮಾತ್ರವಲ್ಲ, ಇಡೀ ಬಾಡಿಗೆಗೇ ರಕ್ಷಣೆ ತಪ್ಪುವುದುಂಟು.

ಈ ನಾಲ್ಕರಲ್ಲಿ ನಮ್ಮ ಕುಟುಂಬಗಳು ಎಡವುವ ಸಂಭವ ಹೆಚ್ಚಾಗಿರುವುದು ಎರಡನೆಯದರಲ್ಲಿ. ಮಗನ ಕಾರ್ಡಿನಿಂದ ಹಣ ಸಂದಾಯವಾಗುತ್ತದೆ. ಅಳಿಯನ ಹೆಸರಿನಲ್ಲಿ ಗಾಡಿ ಬರುತ್ತದೆ. ಅರ್ಧ ದಾರಿಯಲ್ಲಿ ಸೊಸೆಯು ಚಕ್ರ ಹಿಡಿಯುತ್ತಾಳೆ. ಒಂದೇ ಮನೆಯವರು ತಾನೇ ಎಂಬ ಭಾವನೆಯು ನಮಗೆ ಸಹಜವಾದುದು. ಕರಾರುಪತ್ರಕ್ಕೆ ಆ ಬಾಂಧವ್ಯ ತಿಳಿಯದು. ಗಾಡಿಯನ್ನು ಓಡಿಸುವ ಪ್ರತಿಯೊಬ್ಬರ ಹೆಸರೂ ಕರಾರಿನಲ್ಲಿ ಬರೆದಿರಬೇಕು; ಬರೆಯದವರ ಕೈಯಲ್ಲಿ ಗಾಡಿ ಜಖಮಾದರೆ ಕಂಪೆನಿಯ ವೇವರೂ ಇಲ್ಲ, ಕಾರ್ಡಿನ ರಕ್ಷಣೆಯೂ ಇಲ್ಲ.

ಸಂಸ್ಕೃತ ವ್ಯಾಕರಣವನ್ನು ಓದಿದವರಿಗೆ ಉತ್ಸರ್ಗ, ಅಪವಾದ ಎಂಬ ಎರಡು ಮಾತುಗಳು ಪರಿಚಿತವಾಗಿವೆ. ಸಾಮಾನ್ಯವಿಧಿಯು ಉತ್ಸರ್ಗ, ಅದನ್ನು ತಡೆಯುವ ವಿಶೇಷವಿಧಿಯು ಅಪವಾದ. ಎರಡೂ ಒಂದೆಡೆ ಕೂಡಿದಲ್ಲಿ ಅಪವಾದವೇ ಬಲವತ್ತರ. ವಿಮೆಯ ಪತ್ರವನ್ನು ಓದುವ ಕ್ರಮವೂ ಇದೇ. ಮೊದಲ ಪುಟದ ದಪ್ಪಕ್ಷರದಲ್ಲಿ ಉತ್ಸರ್ಗವಿರುತ್ತದೆ. ಕೊನೆಯ ಪುಟಗಳ ಸಣ್ಣಕ್ಷರದಲ್ಲಿ ಅಪವಾದಗಳಿರುತ್ತವೆ. ಗೃಹಸ್ಥನಾದವನು ಕೊನೆಯ ಪುಟದಿಂದ ಓದಲು ಮೊದಲು ಮಾಡುವುದು ಲೇಸು.

ಆ ಅಪವಾದಗಳಲ್ಲಿ ದೇಶಗಳ ಪಟ್ಟಿಯು ಮುಖ್ಯವಾದುದು. ಕೆಲವು ಕಾರ್ಡುಗಳು ಐರ್ಲೆಂಡು, ಇಸ್ರೇಲು, ಜಮೈಕಾ ದೇಶಗಳನ್ನು ಹೊರಗಿಟ್ಟಿರುವುದುಂಟು. ಮತ್ತೆ ಕೆಲವು ಆಸ್ಟ್ರೇಲಿಯಾ, ಇಟಲಿ, ನ್ಯೂಜಿಲೆಂಡುಗಳನ್ನು ಹೊರಗಿಟ್ಟಿರುವುದುಂಟು. ಐರ್ಲೆಂಡಿಗೆ ಹೋಗುವವರು, ನಮ್ಮ ದೇಶದಲ್ಲಿಯೂ ಈ ರಕ್ಷಣೆ ನಡೆಯುತ್ತದೆ ಎಂದು ಆ ದೇಶದ ಹೆಸರನ್ನೇ ಹೇಳಿ ಕಾರ್ಡಿನವರು ಬರೆದುಕೊಟ್ಟ ಪತ್ರವನ್ನು ಕೈಯಲ್ಲಿಟ್ಟುಕೊಳ್ಳಬೇಕು. ಅದಿಲ್ಲದೆ ವೇವರನ್ನು ಬಿಡಲು ಅಲ್ಲಿಯ ಕೆಲವು ಕಂಪೆನಿಗಳು ಒಪ್ಪುವುದಿಲ್ಲ. ಇಟಲಿಯಲ್ಲಿ ಜಖಮಿನ ವೇವರೂ ಕಳವಿನ ವೇವರೂ ಸಾಮಾನ್ಯವಾಗಿ ಬಾಡಿಗೆಯಲ್ಲಿಯೇ ಕೂಡಿರುವುದರಿಂದ, ಅದನ್ನು ಬೇಡವೆನ್ನುವ ಅವಕಾಶವೇ ಇರುವುದಿಲ್ಲ. ಆಗ ಎಕ್ಸೆಸ್ ಮೊಬಲಗನ್ನಾದರೂ ಕಾರ್ಡು ಕೊಡುವುದೋ ಇಲ್ಲವೋ ಎಂಬುದನ್ನು ಹೊರಡುವ ಮುನ್ನವೇ ಬರೆಹದ ಮೂಲಕ ಕೇಳಿ ತಿಳಿದುಕೊಳ್ಳತಕ್ಕದ್ದು.

ದಾರಿಗೂ ಅಪವಾದವಿದೆ. ಐಸ್ಲೆಂಡಿನ ಒಳನಾಡಿನ ಬೆಟ್ಟದ ದಾರಿಗಳಿಗೆ ಸಾಮಾನ್ಯ ಬಾಡಿಗೆ ಗಾಡಿಯನ್ನು ಒಯ್ಯಲು ಕಂಪೆನಿಗಳ ಅನುಮತಿ ಇಲ್ಲ. ದಾರಿ ಬಿಟ್ಟು ನೆಲದ ಮೇಲೆ ಓಡಿಸುವುದು ಅಲ್ಲಿಯ ಕಾನೂನಿಗೇ ವಿರುದ್ಧ. ಬಿರುಗಾಳಿಯು ಹೊತ್ತುತರುವ ಮರಳು, ಜ್ವಾಲಾಮುಖಿಯ ಬೂದಿ, ಇವು ಗಾಡಿಯ ಬಣ್ಣವನ್ನು ಕೆರೆದುಹಾಕುವುದಕ್ಕೆ ಅಲ್ಲಿ ಪ್ರತ್ಯೇಕವಾದ ರಕ್ಷಣೆಯನ್ನೇ ಮಾರುತ್ತಾರೆ. ಗಾಡಿಗಳಲ್ಲಿಯೂ ಬಹು ಬೆಲೆಯ ವಿಲಾಸದ ಕಾರು, ಲಾರಿ, ದೊಡ್ಡ ವ್ಯಾನು, ಮೋಟಾರ್ ಸೈಕಲ್ಲು ಇವು ಕಾರ್ಡಿನ ರಕ್ಷಣೆಗೆ ಪ್ರಾಯಶಃ ಹೊರಗು. ಖಾಸಗಿ ಜನರು ತಮ್ಮ ಸ್ವಂತ ಕಾರನ್ನು ಆಪಿನ ಮೂಲಕ ಬಾಡಿಗೆಗೆ ಕೊಡುವ ಪದ್ಧತಿಯೂ ಈಚೆಗೆ ಬಂದಿದೆ. ಅಂತಹ ಗಾಡಿಗೂ ಕಾರ್ಡಿನ ರಕ್ಷಣೆ ಸಾಮಾನ್ಯವಾಗಿ ಇಲ್ಲ.

‘ಪ್ರೈಮರಿ’, ‘ಸೆಕೆಂಡರಿ’ ಎಂಬ ಭೇದವನ್ನೂ ಇಲ್ಲಿ ಹೇಳಬೇಕು. ಮೊದಲನೆಯ ಬಗೆಯ ಕಾರ್ಡು ತಾನೇ ಮುಂದಾಗಿ ನಷ್ಟವನ್ನು ತುಂಬಿಕೊಡುತ್ತದೆ. ಎರಡನೆಯ ಬಗೆಯದು, ನಿಮ್ಮ ಸ್ವಂತ ಗಾಡಿಯ ವಿಮೆಯಿಂದ ಮೊದಲು ಪಡೆಯಿರಿ, ಉಳಿದುದನ್ನು ನಾನು ಕೊಡುವೆನು ಎನ್ನುತ್ತದೆ. ಅಮೆರಿಕದ ಮನೆಯ ಕಾರಿನ ವಿಮೆಯು ಸಾಮಾನ್ಯವಾಗಿ ಯೂರೋಪಿನಲ್ಲಿ ನಡೆಯದಿರುವುದರಿಂದ, ಅಲ್ಲಿ ಸೆಕೆಂಡರಿ ಕಾರ್ಡೂ ಎಷ್ಟೋ ವೇಳೆ ಮೊದಲನೆಯದರಂತೆಯೇ ವರ್ತಿಸುತ್ತದೆ.

ಇವೆಲ್ಲಕ್ಕಿಂತಲೂ ಗುರುತರವಾದ ಸಂಗತಿಯೊಂದಿದೆ. ಕಾರ್ಡಿನ ಈ ರಕ್ಷಣೆಯು ಬಾಡಿಗೆಯ ಗಾಡಿಗೆ ಮಾತ್ರ ಸಂಬಂಧಪಟ್ಟುದು. ನಮ್ಮ ಗಾಡಿಯು ದಾರಿಹೋಕನೊಬ್ಬನಿಗೆ ತಗುಲಿ ಅವನ ಕಾಲು ಮುರಿದರೆ, ಇನ್ನೊಬ್ಬರ ಕಾರೋ ಗೋಡೆಯೋ ಹಾಳಾದರೆ, ಅದಕ್ಕೆ ಕಾರ್ಡಿನವರು ಒಂದು ಕಾಸನ್ನೂ ಕೊಡುವುದಿಲ್ಲ. ಪರರಿಗಾದ ಹಾನಿಗೆ ಬೇಕಾದ ವಿಮೆಯೇ ಬೇರೆ. ಯೂರೋಪಿನಲ್ಲಿ 1972ರ ನಿರ್ದೇಶದಿಂದ ಮೊದಲಾಗಿ ಈ ವಿಮೆಯು ಪ್ರತಿಯೊಂದು ಗಾಡಿಗೂ ಕಡ್ಡಾಯವಾಗಿರುವುದರಿಂದ ಅದು ಬಾಡಿಗೆಯಲ್ಲಿಯೇ ಸೇರಿರುತ್ತದೆ. ಅಮೆರಿಕದ ಸ್ಥಿತಿ ಹಾಗಲ್ಲ. ಅಲ್ಲಿಯ ಸಂಸ್ಥಾನಗಳು ಕಾನೂನಿನಿಂದ ಗೊತ್ತುಮಾಡಿರುವ ಕನಿಷ್ಠ ಮೊಬಲಗು ಬಹು ಸ್ವಲ್ಪ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬನ ದೇಹಕ್ಕಾದ ಹಾನಿಗೆ ಮೊದಲು 15,000 ಡಾಲರು ಇದ್ದು, 2025ರ ಜನವರಿ 1ರಿಂದ 30,000 ಆಗಿದೆ. ಆ ದೇಶದ ಆಸ್ಪತ್ರೆಗಳ ಖರ್ಚನ್ನು ಬಲ್ಲವರಿಗೆ ಇದು ಎಷ್ಟು ಮಾತ್ರದ್ದೆಂದು ಹೇಳಬೇಕಾಗಿಲ್ಲ. ಅಲ್ಲಿ ಸ್ವಂತ ಕಾರಾಗಲಿ ಅದರ ವಿಮೆಯಾಗಲಿ ಇಲ್ಲದೆ, ನಮ್ಮ ದೇಶದಿಂದ ಹೋಗಿ ಗಾಡಿ ಹಿಡಿಯುವವರು ಕೌಂಟರಿನಲ್ಲಿ ದೊರೆಯುವ ‘ಲಯಬಿಲಿಟಿ’ ವಿಮೆಯನ್ನು ಬಿಡಲಾಗದು. ತಗಡು ನಜ್ಜುಗುಜ್ಜಾದರೆ ಹಣದಿಂದ ಸರಿಹೋಗುತ್ತದೆ. ನಮ್ಮಿಂದ ನೊಂದ ಅಪರಿಚಿತನಿಗೆ ಪರಿಹಾರ ಕೊಡಲಾರದೆ ಕೈ ಚೆಲ್ಲುವುದು ಗೃಹಸ್ಥನಿಗೆ ತಕ್ಕುದಲ್ಲ.

ನಮ್ಮ ದೇಶದ ಬ್ಯಾಂಕುಗಳ ಕಾರ್ಡುಗಳ ವಿಷಯ. ಇವುಗಳಲ್ಲಿ ಸಾಮಾನ್ಯವಾಗಿ ಕಾಣುವುದು ವಿಮಾನಾಪಘಾತದ ವಿಮೆ, ಸಾಮಾನು ಕಳೆದುಹೋದುದರ ವಿಮೆ ಮೊದಲಾದವು. ‘ಪ್ರವಾಸ ವಿಮೆ ಇದೆ’ ಎಂಬ ಮಾತಿನಿಂದ ಬಾಡಿಗೆ ಗಾಡಿಯ ಜಖಮೂ ಅದರಲ್ಲಿ ಅಡಗಿದೆಯೆಂದು ಊಹಿಸಬಾರದು. ಪತ್ರದಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಇಲ್ಲವೆಂದೇ ತಿಳಿಯತಕ್ಕದ್ದು. ಇದ್ದುದು ಇಲ್ಲದಂತಾಗುವುದೂ ಉಂಟು. ಅಮೆರಿಕದ ಸಿಟಿ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ತನ್ನ ಬಹುಪಾಲು ಕಾರ್ಡುಗಳಿಂದ ಈ ಸೌಕರ್ಯವನ್ನು ತೆಗೆದುಹಾಕಿತು. ಹಿಂದಿನ ಪ್ರವಾಸದಲ್ಲಿ ಇತ್ತು ಎಂಬುದು ಈ ಪ್ರವಾಸಕ್ಕೆ ಪ್ರಮಾಣವಲ್ಲ.

ಲೈಸೆನ್ಸಿನ ಮಾತನ್ನೂ ಮರೆಯಬಾರದು. ನಮ್ಮ ಆರ್.ಟಿ.ಓ. ಕಚೇರಿಯು ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ಟು ಒಂದು ವರ್ಷ ನಡೆಯುತ್ತದೆ. ಇಟಲಿಯಂತಹ ದೇಶದಲ್ಲಿ ಭಾರತದ ಲೈಸೆನ್ಸಿನವರಿಗೂ ಅಮೆರಿಕದ ಲೈಸೆನ್ಸಿನವರಿಗೂ ಅದು ಬೇಕು. ಕಾನೂನಿಗೆ ಒಪ್ಪುವ ಲೈಸೆನ್ಸಿಲ್ಲದೆ ಓಡಿಸಿದವನಿಗೆ ಯಾವ ವಿಮೆಯೂ ಆಸರೆಯಾಗದು. ಕುಡಿದು ಓಡಿಸಿದವನಿಗೂ ಹಾಗೆಯೇ. ಫ್ಲಾರೆನ್ಸು, ರೋಮುಗಳ ಹಳೆಯ ಪೇಟೆಗಳೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸಿದುದಕ್ಕೆ ತಿಂಗಳುಗಳ ಮೇಲೆ ಮನೆಗೆ ಬರುವ ಜುಲ್ಮಾನೆಯನ್ನು ಯಾವ ಕಾರ್ಡೂ ಕೊಡುವುದಿಲ್ಲ.

ಕಡೆಗೆ, ಅನಾಹುತವಾದರೆ ಮಾಡಬೇಕಾದುದೇನು? ಕಂಪೆನಿಯವರು ನಷ್ಟದ ಹಣವನ್ನು ಮೊದಲು ನಿಮ್ಮ ಕಾರ್ಡಿನಿಂದಲೇ ಹಿಡಿದುಕೊಳ್ಳುತ್ತಾರೆ. ಕಾರ್ಡಿನ ವಿಮೆಯವರು ಆಮೇಲೆ ನಿಮಗೆ ಹಿಂದಿರುಗಿಸುತ್ತಾರೆ. ಅಷ್ಟು ಕಾಲ ಆ ಭಾರವನ್ನು ಹೊರುವ ಶಕ್ತಿ ಕಾರ್ಡಿಗೆ ಇರಬೇಕು. ಗಾಡಿಯನ್ನು ವಶಕ್ಕೆ ತೆಗೆದುಕೊಳ್ಳುವಾಗ ಒಮ್ಮೆ, ಒಪ್ಪಿಸುವಾಗ ಮತ್ತೊಮ್ಮೆ, ನಾಲ್ಕು ಪಕ್ಕಗಳನ್ನೂ ಗಾಜನ್ನೂ ಚಕ್ರಗಳನ್ನೂ ಫೋಟೋ ತೆಗೆದಿಡುವುದು ಅವಶ್ಯ. ಅಪಘಾತವಾದಲ್ಲಿ ಪೊಲೀಸರ ವರದಿ, ಬಾಡಿಗೆಯ ಕರಾರು, ಹಣ ಕೊಟ್ಟ ರಸೀತಿ, ರಿಪೇರಿಯ ಅಂದಾಜುಪಟ್ಟಿ ಇವುಗಳನ್ನು ಜೋಪಾನ ಮಾಡಬೇಕು. ಗಾಡಿಯು ರಿಪೇರಿಗೆ ನಿಂತ ದಿನಗಳ ಬಾಡಿಗೆಯನ್ನೂ ಕಂಪೆನಿಯವರು ಕೇಳುತ್ತಾರೆ; ಅದನ್ನು ಕೊಡಲು ಕಾರ್ಡಿನವರು ಕಂಪೆನಿಯ ಗಾಡಿಗಳ ಉಪಯೋಗದ ಲೆಕ್ಕವನ್ನು ಕೇಳುವುದುಂಟು. ತಿಳಿಸಲು ಗೊತ್ತುಮಾಡಿದ ವಾಯಿದೆ ಕೆಲವು ವಾರಗಳದು ಮಾತ್ರ. ಮನೆಗೆ ಹಿಂದಿರುಗಿದ ಮೇಲೆ ನೋಡೋಣವೆಂದು ಆಲಸ್ಯ ಮಾಡಿದರೆ ನ್ಯಾಯವಾದ ಹಕ್ಕೂ ತಪ್ಪಿಹೋಗುತ್ತದೆ.

ಆದುದರಿಂದ ಪ್ರವಾಸಕ್ಕೆ ಹದಿನೈದು ದಿನಗಳ ಮುಂಚೆ, ಮನೆಯವರೆಲ್ಲರೂ ಕುಳಿತು ಕಾರ್ಡಿನ ಕರಾರನ್ನು ಓದಬೇಕು. ಹೋಗುವ ದೇಶ, ಹಿಡಿಯುವ ಗಾಡಿ, ದಿನಗಳ ಸಂಖ್ಯೆ, ಓಡಿಸುವವರ ಹೆಸರು ಇವು ನಾಲ್ಕೂ ಅದಕ್ಕೆ ಹೊಂದಿದರೆ ಕೌಂಟರಿನಲ್ಲಿ ಧೈರ್ಯವಾಗಿ “ಬೇಡ” ಎನ್ನಬಹುದು. ಒಂದರಲ್ಲಿಯಾದರೂ ಸಂದೇಹ ಉಳಿದರೆ, ಆ ದಿನಗಳ ಮಟ್ಟಿಗೆ ಹಣ ಕೊಟ್ಟು ವೇವರನ್ನು ಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ. ಮಕ್ಕಳಿಗೆ ಅವಸರವಿದ್ದರೆ, ಬಿಡುವಾಗಿರುವ ಹಿರಿಯರು ಕನ್ನಡಕ ಏರಿಸಿಕೊಂಡು ಆ ಸಣ್ಣಕ್ಷರವನ್ನು ಓದಿ ಹೇಳಲಿ. ಅದಕ್ಕಾದರೂ ಜೊತೆಗೆ ಬಂದುದು ಸಾರ್ಥಕವಾಗುವುದು.