ಫೋಟೋ ನಮ್ಮದು, ಹಾಡು ಯಾರದು?

ಮಕ್ಕಳೇ, ಅಜ್ಜ-ಅಜ್ಜಿಯ ಮದುವೆಯ 50ನೇ ವರ್ಷಕ್ಕೆ ಹಳೆಯ ಫೋಟೋಗಳನ್ನು ಟಿ.ವಿ.ಯಲ್ಲಿ ತೋರಿಸುತ್ತೀರಾ? ಜೊತೆಗೆ ಯಾವ ಹಾಡು ಹಾಕುತ್ತೀರಿ?

ದೇವದುರ್ಗದ ಒಂದು ಮನೆಯಲ್ಲಿ ಮೊಮ್ಮಗ ಹೊಸ ಸಿನಿಮಾ ಹಾಡು ಹಾಕಿದ್ದ. ಅಜ್ಜಿ ನಕ್ಕು, “ಫೋಟೋ ನಮ್ದು, ಹಾಡು ಯಾರ್ದಪಾ?” ಎಂದರು.

“ಹಂಗಾರ ನಿನ್ನ ಲಗ್ನದಾಗ ಏನ್ ಹಾಡಿದ್ರು, ಅಜ್ಜಿ?”

ಅಜ್ಜಿ ಸೋಬಾನೆ ಎತ್ತಿದರು. ನಾಲ್ಕು ನುಡಿಯಾದ ಮೇಲೆ ಮುಂದಿನದು ನೆನಪಾಗಲಿಲ್ಲ. ಜೊತೆಗೆ ಹಾಡುತ್ತಿದ್ದ ಅವರ ಅಕ್ಕ ಈಗಿಲ್ಲ. ಮೊಮ್ಮಗ ಆ ನಾಲ್ಕು ನುಡಿಗಳನ್ನೇ ಮೊಬೈಲಿನಲ್ಲಿ ಹಿಡಿದಿಟ್ಟ. ಫೋಟೋಗಳಿಗೆ ಅದೇ ಹಾಡಾಯಿತು.

ನಮ್ಮ ರಾಯಚೂರು ಜಿಲ್ಲೆಗೆ ಹಾಡಿನ ಬರವಿಲ್ಲ. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಜಗನ್ನಾಥದಾಸರು ಬಾಳಿದ್ದು ಮಾನ್ವಿಯಲ್ಲಿ. ರಾಯಚೂರಿನ ರಂಗಮಂದಿರಕ್ಕೆ ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿದೆ. ದಾಸರ ಪದಗಳು ಪುಸ್ತಕದಲ್ಲಿವೆ. ಅಜ್ಜಿಯ ಪದ ಅಜ್ಜಿಯ ಬಾಯಲ್ಲಿ ಮಾತ್ರ ಇದೆ.

ಲೆಕ್ಕ ಸುಲಭ: ಫೋಟೋ ಒಂದಕ್ಕೆ 5 ಸೆಕೆಂಡಾದರೆ, 4 ನಿಮಿಷದ ಹಾಡಿಗೆ 48 ಫೋಟೋ. ತೊಟ್ಟಿಲ ಚಿತ್ರಕ್ಕೆ ಜೋಗುಳ, ಮದುವೆಯ ಚಿತ್ರಕ್ಕೆ ಸೋಬಾನೆ. ಧ್ವನಿ ಹಿಡಿಯುವಾಗ ಫ್ಯಾನ್ ನಿಲ್ಲಿಸಿ, ಮೊಬೈಲನ್ನು ಹತ್ತಿರವಿಡಿ.

ಅಜ್ಜಿಯರೇ, “ನನ್ನ ಗಂಟಲು ಸರಿಯಿಲ್ಲ” ಅನ್ನಬೇಡಿ. ಈ ಭಾನುವಾರವೇ ಹಾಡಿಬಿಡಿ.